ಕೋಲಾ ಬಾವಿಯಲ್ಲಿ ನರಕದ ಚೀರಾಟ ಕೇಳಿಸಿಲ್ಲ

‘ಸೈಬೀರಿಯಾದಲ್ಲಿ 14 ಕಿಲೋಮೀಟರ್ ಆಳ ಕೊರೆದ ವಿಜ್ಞಾನಿಗಳು ಮೈಕ್ರೊಫೋನ್ ಇಳಿಸಿದಾಗ ನರಕದ ಚೀರಾಟ ಕೇಳಿಸಿತು, ಹೆದರಿ ಬಾವಿ ಮುಚ್ಚಿದರು’ ಎಂಬ ಆಡಿಯೊ ಮತ್ತೆ ಹರಿದಾಡುತ್ತಿದೆ. ಇದು ಶುದ್ಧ ಕಟ್ಟುಕತೆ.

ಜೊತೆಗೆ ತೋರಿಸುತ್ತಿರುವ ಚಿತ್ರ ಕೋಲಾ ಕೊಳವೆಬಾವಿಯದು. ಅದಿರುವುದು ಸೈಬೀರಿಯಾದಲ್ಲಲ್ಲ, ರಷ್ಯಾದ ವಾಯವ್ಯ ತುದಿಯಲ್ಲಿ, ನಾರ್ವೆ ಗಡಿಯ ಬಳಿ, ತಾಮ್ರ–ನಿಕ್ಕಲ್ ಅದಿರಿಗೆ ಹೆಸರಾದ ಪೆಚೆಂಗಾ ಸೀಮೆಯಲ್ಲಿ. 1970ರಲ್ಲಿ ಕೊರೆಯಲು ಆರಂಭಿಸಿದ್ದು, 1989ರಲ್ಲಿ ಮುಟ್ಟಿದ ಆಳ 12,262 ಮೀಟರ್. ಬಾವಿಯ ಅಗಲ ಸುಮಾರು 23 ಸೆಂಟಿಮೀಟರ್ ಮಾತ್ರ. ಪಾಪಿಗಳ ಜಾತ್ರೆಗೆ ತೀರಾ ಇಕ್ಕಟ್ಟು!

ಕೆಲಸ ನಿಂತದ್ದು ಶಾಖದಿಂದ. ತಳದಲ್ಲಿ ಸುಮಾರು 100 ಡಿಗ್ರಿ ಇರಬಹುದೆಂದುಕೊಂಡಿದ್ದರು, ಸಿಕ್ಕಿದ್ದು 180. ಆ ಬಿಸಿಗೆ ಬಂಡೆಯೇ ಮೆತ್ತಗಾಗಿ, ಕೊರೆದ ರಂಧ್ರ ಮತ್ತೆ ಮುಚ್ಚಿಕೊಳ್ಳತೊಡಗಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಣವೂ ಬತ್ತಿತು. ಕತೆ ಹೇಳುವ 1,100 ಡಿಗ್ರಿಯಲ್ಲಿ ಮೈಕ್ರೊಫೋನೇ ಸುಟ್ಟು ಹೋಗುತ್ತಿತ್ತು.

ನಿಜವಾದ ಅಚ್ಚರಿ ಬೇರೆಯೇ ಇದೆ. ಗ್ರಾನೈಟಿನ ಕೆಳಗೆ ಬಸಾಲ್ಟ್ (ಲಾವಾ ತಣಿದು ಆಗುವಂಥ ಕಪ್ಪು ಶಿಲೆ) ಸಿಗುತ್ತದೆಂಬ ಊಹೆ ಹುಸಿಯಾಯಿತು. ಸಿಕ್ಕಿದ್ದು ಬಿರುಕುಬಿಟ್ಟ, ನೀರು ತುಂಬಿದ ಬಂಡೆ. ಆರು ಕಿಲೋಮೀಟರ್ ಆಳದ ಶಿಲೆಯಲ್ಲೂ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳಿದ್ದವು.