ಸತ್ಯಾಂಶ: ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದರೆ ಪೌರತ್ವ ಸಿಗುತ್ತದೆಯೇ?

"ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಯಾರಿಗೂ ಖರ್ಚಿಲ್ಲ, ಮಗುವಿಗೆ ಅಲ್ಲಿನ ಪೌರತ್ವವೂ ಸಿಗುತ್ತದೆ, ಖಾಸಗಿಗೆ ಹೋದರೆ ಎರಡೂ ಇಲ್ಲ" ಎಂಬ ಸಂದೇಶವು ತುಮಕೂರಿನಲ್ಲಿ ಮಗಳ ಬಾಣಂತನಕ್ಕೆಂದು ಹೊರಟು ನಿಂತ ತಾಯಂದಿರ ವಾಟ್ಸ್‌ಆ್ಯಪ್‌ಗೂ ಬರುತ್ತಿದೆ.

ಪೌರತ್ವಕ್ಕೂ ಆಸ್ಪತ್ರೆಗೂ ಸಂಬಂಧವೇ ಇಲ್ಲ. 1983ರ ಜನವರಿ 1ರಿಂದ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ದೊರೆಯುವುದಿಲ್ಲ. ತಂದೆ ಅಥವಾ ತಾಯಿ ಆ ವೇಳೆಗೆ ಬ್ರಿಟಿಷ್ ಪ್ರಜೆಯೋ ಕಾಯಂ ವಾಸದ ಹಕ್ಕುಳ್ಳವರೋ ಆಗಿರಬೇಕು.

ಖರ್ಚಿನ ಮಾತು ಅರ್ಧ ನಿಜ. ಕೆಲಸದ ವೀಸಾದ ಜೊತೆಗೇ ಆರೋಗ್ಯ ಶುಲ್ಕ (2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್, ಕಡಿಮೆಯೇನಲ್ಲ) ಕಟ್ಟಿದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹೆರಿಗೆಗೆ ಬೇರೆ ಬಿಲ್ ಬರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಇಂಗ್ಲೆಂಡಿನಲ್ಲಿ ನಿಗದಿತ ದರದ ಒಂದೂವರೆ ಪಟ್ಟು ಬಿಲ್ ಆಗುತ್ತದೆ. ಆದರೂ ಹಣವಿಲ್ಲವೆಂದು ಹೆರಿಗೆಯ ಆರೈಕೆಯನ್ನು ನಿರಾಕರಿಸುವಂತಿಲ್ಲ.

ಖಾಸಗಿಯಲ್ಲಿ ಹಣ ಕೊಟ್ಟು ಪಡೆಯುವುದು ಮುಖ್ಯವಾಗಿ ಪ್ರತ್ಯೇಕ ಕೋಣೆಯನ್ನು ಮತ್ತು ತಾವೇ ಆರಿಸಿದ ತಜ್ಞವೈದ್ಯರನ್ನು. ಎನ್‌ಎಚ್‌ಎಸ್‌ನಲ್ಲಿ ತೊಡಕಿಲ್ಲದ ಹೆರಿಗೆಯನ್ನು ಸಾಮಾನ್ಯವಾಗಿ ತರಬೇತಾದ ಮಿಡ್‌ವೈಫ್‌ಗಳೇ ಮಾಡಿಸುತ್ತಾರೆ, ತೊಂದರೆ ಕಂಡಾಗ ವೈದ್ಯರನ್ನು ಕರೆಯುತ್ತಾರೆ. "ಡಾಕ್ಟರು ಬರಲೇ ಇಲ್ಲವಲ್ಲ" ಎಂದು ಗಾಬರಿಯಾಗುವ ನಮ್ಮ ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದರೆ ಅದೇ ದಿನ ಮನೆಗೆ ಕಳಿಸುವುದೂ ಉಂಟು. ಆಮೇಲೆ ಮಿಡ್‌ವೈಫ್ ಮನೆಗೇ ಬಂದು ನೋಡುತ್ತಾರೆ.