ಶುದ್ಧ ವರ್ಣಕ್ಕೆ ಹಾರ, ಶಾಲು, ಪೇಟ

ಹಾಸನದಲ್ಲಿ ಅಮೂರ್ತ, ಅಂದರೆ ಗುರುತಿಸುವ ಆಕಾರವಿಲ್ಲದೆ ಬಣ್ಣವೇ ಎಲ್ಲವಾದ ಚಿತ್ರಗಳ ಪ್ರದರ್ಶನ ನಡೆಸಬೇಕೆಂದಿರುವವರು ಮೊದಲು ಹೊಂದಿಸಬೇಕಾದದ್ದು ಫ್ಲೆಕ್ಸು. ಚಿತ್ರದ ಚಿಂತೆ ಆಮೇಲೆ. ಹತ್ತಡಿಗೆ ಇಪ್ಪತ್ತಡಿಯಾದರೂ ಇರಲಿ, ಗಣ್ಯರ ಮುಖಗಳೆಲ್ಲ ಹಿಡಿಸಬೇಕಲ್ಲ. ಕಡುಗೆಂಪು ಹಿನ್ನೆಲೆ, ಹಳದಿ ಅಕ್ಷರ, ಬಾಗಿಲಲ್ಲೇ ಕಟ್ಟಿಸಿ. ಅರ್ಧ ನಿಮಿಷ ಕೆಂಪನ್ನೇ ದಿಟ್ಟಿಸಿದ ಕಣ್ಣಿಗೆ ಬಿಳಿ ಗೋಡೆಯ ಮೇಲೂ ನೀಲಿಮಿಶ್ರಿತ ಹಸಿರು ತೇಲುತ್ತದೆ, ಕೆಂಪು ಗ್ರಹಿಸುವ ಕೋಶಗಳು ದಣಿದಿರುತ್ತವೆ. ಹೀಗಾಗಿ ಒಳಗಿನ ಮೊದಲ ಚಿತ್ರಕ್ಕೆ ಫ್ಲೆಕ್ಸಿನವನೂ ಸಹಕಲಾವಿದ.

ಬೆಳಕಿನಲ್ಲಿ ಮಾತ್ರ ಜಿಪುಣತನ ಬಿಡಬಾರದು. ಬಣ್ಣ ಇದ್ದ ಹಾಗೇ ಕಾಣಲು, ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರುತ್ತದೆಂದು ನೂರಕ್ಕೆ ಕೊಡುವ ಅಂಕ, ಅಂದರೆ ಸಿಆರ್‌ಐ 90ರ ಮೇಲಿರಬೇಕು, ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಅದನ್ನು ಓದುವುದು ದುಂದುವೆಚ್ಚಕ್ಕೆ ದಾರಿ. ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ಕಲಾವಿದರ ಉಜ್ವಲ ಕ್ಯಾಡ್ಮಿಯಂ ಕೆಂಪು ಮಂಕಾಗಿ ಇಟ್ಟಿಗೆಯ ಕಡೆ ವಾಲುತ್ತದೆ. ಉದ್ಘಾಟಕರು ಆಗ ‘ಮಣ್ಣಿನ ಸೊಗಡು’ ಎಂದು ಹೊಗಳಲು ಅನುಕೂಲ. ಅಮೆರಿಕದ ಅಮೂರ್ತ ಕಲಾವಿದ ಮಾರ್ಕ್ ರಾಥ್ಕೋ ಬಣ್ಣವನ್ನು ನೀರಾಗಿಸಿ ಪದರದ ಮೇಲೆ ಪದರ ಹಚ್ಚುತ್ತಿದ್ದರು, ಚಿತ್ರವನ್ನು ಮಂದ ಬೆಳಕಿನಲ್ಲಿ ತೂಗುಹಾಕಿ ಎನ್ನುತ್ತಿದ್ದರು. ಪಾಪ, ನಮ್ಮ ವಿಡಿಯೋದವರ ಫೋಕಸ್ ಲೈಟು ಅವರಿಗೆ ಗೊತ್ತಿರಲಿಲ್ಲ.

ಚಿತ್ರಗಳಿಗೆ ಗಾಜು ಕಡ್ಡಾಯ, ಅದೂ ಹೊಳೆಯುವ ಸಾದಾ ಗಾಜು. ಎದುರಿಗೆ ವೇದಿಕೆ. ಪೇಟ, ಶಾಲು, ಏಲಕ್ಕಿ ಹಾರ ಸಮೇತ ಗಣ್ಯರೆಲ್ಲ ಗಾಜಿನೊಳಗೆ ಮೂಡುತ್ತಾರೆ. ಅಮೂರ್ತಕ್ಕೆ ಇದಕ್ಕಿಂತ ಸಲೀಸಾಗಿ ಆಕಾರ ಕೊಡಲು ಸಾಧ್ಯವೇ?

ದೊಡ್ಡ ಚಿತ್ರಗಳನ್ನು ಹತ್ತಿರ ನಿಂತೇ ನೋಡಬೇಕೆಂದು ಅಮೆರಿಕದ ಇನ್ನೊಬ್ಬ ಅಮೂರ್ತ ಕಲಾವಿದ ಬಾರ್ನೆಟ್ ನ್ಯೂಮನ್ 1951ರಲ್ಲಿ ಗ್ಯಾಲರಿಯಲ್ಲಿ ಚೀಟಿಯನ್ನೇ ಅಂಟಿಸಿದ್ದರು. ಅಲ್ಲಿದ್ದ ಒಂದು ಚಿತ್ರವಂತೂ ಐದು ಮೀಟರಿಗೂ ಉದ್ದದ ಕೆಂಪು. ಅಂಚು ಕಣ್ಣಿಂದ ಜಾರಿದಾಗಲೇ ಬಣ್ಣ ನೋಡುಗನನ್ನು ನುಂಗುವುದು. ನಮ್ಮಲ್ಲೂ ಹತ್ತಿರ ಹೋಗುತ್ತಾರೆ, ಸೆಲ್ಫಿಗೆ. ಆಗ ಬಣ್ಣದ ಕಡೆಗಿರುವುದು ಬೆನ್ನು.

ಇಷ್ಟಾದರೂ ಯಾರೋ ಒಬ್ಬರು ಹಸಿರಿನ ಮುಂದೆ ಸುಮ್ಮನೆ ನಿಂತುಬಿಡುವ ಅಪಾಯ ಇದ್ದೇ ಇದೆ. ಕೂಡಲೇ ವಿವರಿಸುವವರನ್ನು ಛೂ ಬಿಡಿ. ಬೇಲೂರು, ಹಳೇಬೀಡು ಕಂಡ ಜಿಲ್ಲೆ ಇದು; ಇಲ್ಲಿ ಕಲ್ಲಿಗೂ ಕಥೆಯಿದೆ, ಬಣ್ಣಕ್ಕೆ ಇಲ್ಲದಿದ್ದರೆ ನಡೆದೀತೇ? ಹಸಿರಾದರೆ ಸಕಲೇಶಪುರದ ತೋಟ, ಬಿಳಿಯಾದರೆ ಕಾಫಿ ಹೂ, ಕೆಂಪಾದರೆ ಕಾಫಿ ಹಣ್ಣು. ಕಂದು ಬಂದರೆ ಚಿಕೋರಿ ಎಷ್ಟು ಪಾಲು ಎಂಬಲ್ಲಿಗೆ ಚರ್ಚೆ ಮುಟ್ಟುತ್ತದೆ. ನಾಡಗೀತೆಯಿಂದ ವಂದನಾರ್ಪಣೆವರೆಗೆ ಮೂರು ತಾಸು ಎಳೆದರೆ ಚಿತ್ರ ನೋಡಲು ಉಳಿಯುವುದು ಉಪ್ಪಿಟ್ಟು ಬರುವಷ್ಟು ಹೊತ್ತು.

ಮಾರಾಟವಾಗದ ಕ್ಯಾನ್ವಾಸುಗಳನ್ನು ಸಭಾಂಗಣದ ಹಿಂದಿನ ಕೋಣೆಯಲ್ಲಿ, ಸೋರುವ ಗೋಡೆಗೇ ಒರಗಿಸಿಡಿ. ಬಟ್ಟೆ ಥಂಡಿ ಹೀರುತ್ತದೆ, ಗಾಳಿಯಾಡದೆ ಹಿಂಬದಿಯಿಂದ ಬೂಷ್ಟು ಶುರುವಾಗುತ್ತದೆ, ಶ್ರಾವಣದ ಹೊತ್ತಿಗೆ ಶುದ್ಧ ಹಳದಿಯಲ್ಲಿ ಕಪ್ಪು ಚುಕ್ಕೆಗಳ ಹೊಸ ಪ್ರಯೋಗ ಸಿದ್ಧ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1986ರಲ್ಲಿ ಒಬ್ಬ ನ್ಯೂಮನ್ನರ ದೊಡ್ಡ ಕೆಂಪು ಚಿತ್ರವನ್ನು ಸೀಳಿಹಾಕಿದ; ದುರಸ್ತಿಗೆ ಕೊಟ್ಟರೆ ಅದರ ಮೇಲೆ ಬಣ್ಣದ ರೋಲರ್ ಆಡಿಸಿದ್ದಾರೆಂದು ವರ್ಷಗಟ್ಟಲೆ ರಂಪವಾಯಿತು. ನಮ್ಮಲ್ಲಿ ಅಂಥ ತಕರಾರಿಲ್ಲ. ಮಂತ್ರಿಗಳು ಬರುತ್ತಾರೆಂದು ಸಭಾಂಗಣಕ್ಕೆ ಬಣ್ಣ ಹೊಡೆಸುವಾಗ ಗೋಡೆಗೆ ಒರಗಿದ ಕ್ಯಾನ್ವಾಸಿಗೂ ಒಂದು ಕೋಟು ಡಿಸ್ಟೆಂಪರ್ ಬೀಳುತ್ತದೆ, ಗುತ್ತಿಗೆದಾರನ ಬಿಲ್ಲಿನಲ್ಲಿ ಅದರ ಚದರಡಿಯೂ ಸೇರುತ್ತದೆ.