ಡೊಮೇನ್ ಗ್ರಾಹಕರ ಹೆಸರಿನಲ್ಲೇ ಇರಲಿ

ಕಲಬುರಗಿಯಲ್ಲಿ ಕುಳಿತು ಸ್ವತಂತ್ರವಾಗಿ ವೆಬ್‌ಸೈಟ್ ವಿನ್ಯಾಸ ಮಾಡುವವರಿಗೆ ಕೆಲಸ ಬರುವುದು ಜಾಹೀರಾತಿನಿಂದಲ್ಲ, ಒಬ್ಬ ವ್ಯಾಪಾರಿ ಇನ್ನೊಬ್ಬರ ಮುಂದೆ ಆಡುವ ಮಾತಿನಿಂದ. ಹೀಗಿದ್ದರೂ ಈ ವೃತ್ತಿಗೆ ಹೊಸದಾಗಿ ಬಂದ ಹುಡುಗರಿಗೆ ಬಲ್ಲವರೆನಿಸಿಕೊಂಡವರು ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸವಾಗಿ ನೋಂದಾಯಿಸುವ ಹೆಸರಿನ ಬಗ್ಗೆ ಕೊಡುವ ಸಲಹೆಯೊಂದಿದೆ: "ಡೊಮೇನ್ ನಿನ್ ಹೆಸರಿಗೇ ಇಟ್ಕೋ, ಆಮ್ಯಾಗ ಪಾರ್ಟಿ ಎಲ್ಲಿ ಹೋಗ್ತದ?" ಗ್ರಾಹಕರೊಡನೆ ಬಾಂಧವ್ಯ ಬೆಳೆಸಲು ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ತೊಗರಿ ಬೇಳೆಯನ್ನು ಹೊರರಾಜ್ಯಗಳಿಗೆ ಕಳುಹಿಸುವ ದಾಲ್ ಮಿಲ್ ಮಾಲೀಕರೊಬ್ಬರು, ಹೊಸ ತೊಗರಿ ಮಾರುಕಟ್ಟೆಗೆ ಬರುವ ಹೊತ್ತಿನಲ್ಲೇ ತಮ್ಮ ವೆಬ್‌ಸೈಟ್ ಕಾಣೆಯಾಗಿದೆ ಎಂದು ನನ್ನ ಬಳಿ ಬಂದರು. ಡೊಮೇನ್ ಅವಧಿ ಮುಗಿದಿತ್ತು. ನವೀಕರಣದ ಸೂಚನೆಗಳೆಲ್ಲ ಹಿಂದಿನ ವಿನ್ಯಾಸಕಾರರ ಇಮೇಲಿಗೆ ಹೋಗಿದ್ದವು, ಒಟಿಪಿ ಬರುವ ಮೊಬೈಲ್ ಸಂಖ್ಯೆಯೂ ಅವರದೇ, ಅವರು ಫೋನ್ ಎತ್ತುತ್ತಿರಲಿಲ್ಲ. ವೆಬ್‌ಸೈಟ್ ಹೋದರೆ ಹೋಗಲಿ ಎನ್ನುವಂತೆಯೂ ಇರಲಿಲ್ಲ, ಏಕೆಂದರೆ ಮಿಲ್ಲಿನ ಇಮೇಲ್ ವಿಳಾಸಗಳೂ ಅದೇ ಡೊಮೇನಿನ ಮೇಲೆ ನಡೆಯುತ್ತಿದ್ದುದರಿಂದ ಖರೀದಿದಾರರ ಪತ್ರಗಳೂ ನಿಂತುಹೋಗಿದ್ದವು. ಡಾಟ್ ಕಾಮ್ ಹೆಸರೊಂದನ್ನು ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸುವ ಕಂಪನಿ, ಅಳಿಸಿದ ಮೇಲೂ 30 ದಿನಗಳ ಮರುಪಡೆಯುವ ಅವಧಿ ಇರುತ್ತದೆ. ಆದರೆ ಆಗ ತೆರಬೇಕಾದ ಶುಲ್ಕ ವಾರ್ಷಿಕ ದರದ ಹಲವು ಪಟ್ಟು, ಮತ್ತು ಕೇಳುವ ಹಕ್ಕು ಇರುವುದು ಹೆಸರು ಯಾರ ಖಾತೆಯಲ್ಲಿತ್ತೋ ಅವರಿಗೆ. ಹಣ ಕೊಟ್ಟವರು ಮಾಲೀಕರು, ದಾಖಲೆಯಲ್ಲಿದ್ದವರು ಬೇರೆಯವರು.

ಆದ್ದರಿಂದ ನಾನು ಕೆಲಸ ಆರಂಭಿಸುವ ಮೊದಲೇ ಗ್ರಾಹಕರ ಇಮೇಲ್, ಅವರದೇ ಮೊಬೈಲ್, ಅವರದೇ ಕಾರ್ಡು ಅಥವಾ ಯುಪಿಐ ಬಳಸಿ ಡೊಮೇನ್ ಮತ್ತು ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಸರ್ವರಿನ ಜಾಗ) ಕೊಳ್ಳುವಂತೆ ನೋಡಿಕೊಳ್ಳುತ್ತೇನೆ. ಎಲ್ಲವನ್ನೂ ಅವರ ಕೈಗೆ ಕೊಟ್ಟರೆ ಬಾಕಿ ಹಣ ವಸೂಲಾಗುವುದು ಹೇಗೆ ಎಂದು ಗೆಳೆಯರು ಕೇಳುತ್ತಾರೆ, ಮತ್ತು ಆ ಪ್ರಶ್ನೆ ಸುಳ್ಳಲ್ಲ. ನಮ್ಮ ಕಡೆ ಕೆಲಸ ಹಿಡಿಯುವಾಗ ರೊಕ್ಕದ ಮಾತೆತ್ತಿದರೆ "ನಮ್ಮವ್ರೇ ಇದ್ದೀರಿ, ಆಮ್ಯಾಗ ನೋಡಿದ್ರಾಯ್ತು ಬಿಡ್ರಿ" ಎನ್ನುವವರೇ ಹೆಚ್ಚು. ಅದಕ್ಕೆ ಉತ್ತರ ಹಣವನ್ನು ಕಂತುಗಳಲ್ಲಿ ಪಡೆಯುವುದರಲ್ಲಿದೆ: ಮುಂಗಡ ಸ್ವಲ್ಪ, ವಿನ್ಯಾಸ ಒಪ್ಪಿದಾಗ ಸ್ವಲ್ಪ, ಉಳಿದದ್ದು ವೆಬ್‌ಸೈಟ್ ಸಾರ್ವಜನಿಕವಾಗುವ ಮೊದಲು. ಅಲ್ಲಿಯವರೆಗೆ ಅದು ನನ್ನ ಪರೀಕ್ಷಾ ಸರ್ವರಿನಲ್ಲೇ ಇರುತ್ತದೆ. ಮುಗಿಯದ ಕೆಲಸವನ್ನು ತಡೆಹಿಡಿಯುವುದು ನ್ಯಾಯ, ಅವರ ಅಂಗಡಿಯ ಹೆಸರನ್ನೇ ಒತ್ತೆ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಕೊಟೇಶನ್ನಿನಲ್ಲಿ ಸೇರಲೇಬೇಕಾದ ಇನ್ನೊಂದು ಬಾಬತ್ತು ಕನ್ನಡ ಪಠ್ಯ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಸಿ ತಂದ ಬರಹವನ್ನು ಹಾಗೆಯೇ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಸಾಧನಗಳಲ್ಲೂ ಓದಬಲ್ಲ ಅಕ್ಷರ ಸಂಕೇತಕ್ಕೆ, ಬದಲಾಯಿಸಿದ ನಂತರವೂ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ಓದಿ ತಿದ್ದಬೇಕು. ಈ ದುಡಿಮೆ ಗ್ರಾಹಕರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಮೊದಲೇ ಬರೆದು ತಿಳಿಸದಿದ್ದರೆ ಬಿಲ್ಲಿನ ದಿನ ಮನಸ್ತಾಪ ತಪ್ಪಿದ್ದಲ್ಲ.

ಕೆಲಸ ಮುಗಿದಾಗ ಡೊಮೇನ್ ಎಲ್ಲಿ ಕೊಂಡದ್ದು, ಖಾತೆ ಯಾವ ಇಮೇಲಿನದು, ಯಾವುದರ ಅವಧಿ ಯಾವಾಗ ಮುಗಿಯುತ್ತದೆ, ಮುಂದಿನ ವರ್ಷದ ಅಂದಾಜು ಖರ್ಚು ಎಷ್ಟು ಎಂಬುದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಮುದ್ರಿಸಿ ಕೊಡುತ್ತೇನೆ. ಪಾಸ್‌ವರ್ಡು ಮಾತ್ರ ಅದರಲ್ಲಿ ಇರುವುದಿಲ್ಲ, ಅದನ್ನು ಅವರೇ ನನ್ನೆದುರು ಬದಲಾಯಿಸಿಕೊಳ್ಳಬೇಕು. ಮಿಲ್ಲುಗಳಲ್ಲಿ ಆ ಹಾಳೆ ಸೀದಾ ಮುನೀಮರ ಫೈಲಿಗೆ ಸೇರುತ್ತದೆ. ನವೀಕರಣದ ತಿಂಗಳು ಬಂದಾಗ ಫೋನ್ ಮಾಡುವವರು ಮುನೀಮರೇ, ದರ ಯಾಕೆ ಏರಿತು ಎಂದು ತಕರಾರು ತೆಗೆಯುವವರೂ ಅವರೇ. ಆ ತಕರಾರು ಮುಗಿಯುವಷ್ಟರಲ್ಲಿ ಹೊಸ ಪ್ಯಾಕೆಟ್ಟಿನ ಫೋಟೊ ಸೈಟಿಗೆ ಹಾಕಲು ಎಷ್ಟಾಗುತ್ತದೆ ಎಂಬ ವಿಚಾರಣೆ ಶುರುವಾಗಿರುತ್ತದೆ.